ಬಸಿರಿನಲ್ಲಿ ಶುಗರ್ ಬಂದಿತ್ತೇ? ಹೆರಿಗೆಯ ನಂತರ ಉಳಿದ ತೂಕ ಇಳಿಸುವ ಬಗೆ

ಹೆರಿಗೆಯಾಗಿ ಮಾಸು ಹೊರಬಿದ್ದ ಮೇಲೆ ಹೆಚ್ಚಿನವರ ಶುಗರ್ ತಾನಾಗಿ ಇಳಿಯುತ್ತದೆ. ಇನ್ಸುಲಿನ್ ಕೆಲಸಕ್ಕೆ ಅಡ್ಡಿಪಡಿಸುತ್ತಿದ್ದ ಹಾರ್ಮೋನುಗಳು ಬಹುಪಾಲು ಬರುತ್ತಿದ್ದುದು ಮಾಸಿನಿಂದಲೇ. ಶುಗರ್ ಇಳಿದದ್ದೇ ತಡ, ಗ್ಲೂಕೋಮೀಟರ್ ಮೂಲೆ ಸೇರುತ್ತದೆ, ಊಟದ ಹಿಡಿತ ಸಡಿಲವಾಗುತ್ತದೆ, ಆಸ್ಪತ್ರೆಗೆ ಹೋಗುವುದೂ ಮಗುವಿಗಾಗಿ ಮಾತ್ರ. ತೂಕ ಮೈಯಲ್ಲಿ ಬೇರೂರುವುದು ಈ ಹೊತ್ತಿನಲ್ಲೇ. ಬಸಿರಿನಲ್ಲಿ ಮಧುಮೇಹ ಬಂದವರಿಗೆ ಮುಂದೆ ಟೈಪ್ 2 ಮಧುಮೇಹ ಬರುವ ಸಾಧ್ಯತೆ ಉಳಿದ ತಾಯಂದಿರಿಗಿಂತ ಸುಮಾರು 7ರಿಂದ 10 ಪಟ್ಟು ಹೆಚ್ಚು. ಅದನ್ನು ತಗ್ಗಿಸಲು ನಿಮ್ಮ ಕೈಯಲ್ಲೇ ಇರುವ ದಾರಿಗಳಲ್ಲಿ ತೂಕ ಇಳಿಸುವುದು ಮುಖ್ಯವಾದದ್ದು.

ಎಷ್ಟು ಉಳಿದಿದೆ?

ಹೆರಿಗೆಯ ದಿನದ ತೂಕಕ್ಕೆ ಹೋಲಿಸಿದರೆ ಲೆಕ್ಕ ತಪ್ಪುತ್ತದೆ. ಮಗು, ಮಾಸು, ಗರ್ಭದ ನೀರು ಸೇರಿ 5-6 ಕೆಜಿ ಅಂದೇ ಹೋಗುತ್ತದೆ. ಮುಂದಿನ ಒಂದೆರಡು ವಾರದಲ್ಲಿ ಊತದ ನೀರೂ ಇಳಿಯುತ್ತದೆ. ಇದ್ಯಾವುದೂ ಕೊಬ್ಬು ಕರಗಿದ್ದಲ್ಲ. ಆರನೇ ವಾರದ ತೂಕದಿಂದ ಬಸಿರಿಗೆ ಮೊದಲಿನ ತೂಕ ಕಳೆಯಿರಿ. ಮೊದಲು 68 ಇದ್ದು ಈಗ 75 ಇದ್ದರೆ ಉಳಿದದ್ದು 7 ಕೆಜಿ. ಅದನ್ನು ಆರು ತಿಂಗಳಿಂದ ಒಂದು ವರ್ಷದೊಳಗೆ ಇಳಿಸುವುದು ಮೊದಲ ಗುರಿ. ಬಸಿರಿಗೆ ಮೊದಲೇ ತೂಕ ಹೆಚ್ಚಿದ್ದವರು ಅಲ್ಲಿಂದಲೂ ಶೇ. 5-7ರಷ್ಟು ಇಳಿಸಬೇಕು, ಅಂದರೆ ಈ ಉದಾಹರಣೆಯಲ್ಲಿ ಇನ್ನೂ ಮೂರೂವರೆಯಿಂದ ಐದು ಕೆಜಿಯ ಒಳಗೆ.

ವಾರಕ್ಕೊಮ್ಮೆ, ಬೆಳಿಗ್ಗೆ ಶೌಚಕ್ಕೆ ಹೋಗಿ ಬಂದು, ಏನೂ ತಿನ್ನುವ ಮೊದಲು ತೂಗಿ ಬರೆದಿಡಿ. ದಿನವೂ ತೂಗಿದರೆ ನೀರಿನ ಏರಿಳಿತ ಕಂಡು ಎದೆಗುಂದುವುದೇ ಹೆಚ್ಚು.

ಊಟ

ಬಸಿರಿನಲ್ಲಿ ಶುಗರ್‌ಗೆಂದು ಕಲಿತ ಊಟದ ಪದ್ಧತಿಯನ್ನು ಬಿಡಬೇಡಿ; ಈಗ ಬೇಕಾದದ್ದೂ ಅದೇ. ತಟ್ಟೆಯ ಅರ್ಧ ತರಕಾರಿ, ಕಾಲುಭಾಗ ಪ್ರೋಟೀನ್, ಕಾಲುಭಾಗ ಧಾನ್ಯ. ಎದೆಹಾಲೊಂದನ್ನೇ ಕೊಡುವವರಿಗೆ ದಿನಕ್ಕೆ ಸುಮಾರು 400-500 ಕ್ಯಾಲರಿ ಹೆಚ್ಚು ಬೇಕಾಗುತ್ತದೆ. ಅದರಲ್ಲಿ ಒಂದು ಪಾಲು ಮೈಯಲ್ಲಿ ಕೂಡಿಟ್ಟ ಕೊಬ್ಬಿನಿಂದಲೇ ಬರಬಹುದು. ಹಾಲು ಹೆಚ್ಚಲೆಂದು ಎರಡು ಪಾಲು ಉಂಡು, ಸಿಹಿ ಪಾನೀಯ ಕುಡಿದರೆ ಈ ಲಾಭ ಅಲ್ಲೇ ಮುಗಿಯಿತು. ಹಾಲೂಡಿಸುವಾಗ ವಿಪರೀತ ಬಾಯಾರಿಕೆ ಸಹಜ. ಪಕ್ಕದಲ್ಲಿ ನೀರಿನ ಬಾಟಲಿಯೇ ಇರಲಿ. ರಾತ್ರಿ ಎದ್ದಾಗ ಹಸಿವಾದರೆ ಬಿಸ್ಕತ್ತಿನ ಡಬ್ಬಕ್ಕೆ ಕೈ ಹೋಗದಂತೆ ಒಂದು ಹಿಡಿ ಬೀಜಗಳನ್ನೋ ಬೇಯಿಸಿದ ಮೊಟ್ಟೆಯನ್ನೋ ಮೊದಲೇ ತೆಗೆದಿಡಿ.

ವಾರಕ್ಕೆ ಅರ್ಧ ಕೆಜಿ ಇಳಿದರೆ ಸಾಕು. ಹಾಲಿಗಾಗಲಿ ಮಗುವಿನ ಬೆಳವಣಿಗೆಗಾಗಲಿ ತೊಂದರೆಯಿಲ್ಲ. ಹಾಲೂಡಿಸುವವರು ವೈದ್ಯರನ್ನು ಕೇಳದೆ ದಿನಕ್ಕೆ 1,800 ಕ್ಯಾಲರಿಗಿಂತ ಕೆಳಗಿಳಿಯುವುದು ಬೇಡ. ಇನ್ನೂ ಇನ್ಸುಲಿನ್ ತೆಗೆದುಕೊಳ್ಳುತ್ತಿರುವವರಿಗೆ ಹಾಲೂಡಿಸುವಾಗ ಶುಗರ್ ತೀರಾ ಇಳಿಯಬಹುದು. ಅವರು ಊಟ ತಪ್ಪಿಸಲೇಬಾರದು.

ನಡಿಗೆ, ನಿದ್ದೆ

ಸಹಜ ಹೆರಿಗೆಯಾಗಿದ್ದರೆ ಮೊದಲ ವಾರಗಳಲ್ಲೇ ಹತ್ತು ನಿಮಿಷದ ನಡಿಗೆಯಿಂದ ಆರಂಭಿಸಿ, ಮೂರು ತಿಂಗಳ ಹೊತ್ತಿಗೆ ವಾರಕ್ಕೆ 150 ನಿಮಿಷ ಮುಟ್ಟಿಸಿ. ಊಟವಾದ ಮೇಲಿನ ನಡಿಗೆ ಶುಗರ್ ಏರಿಕೆಯನ್ನೂ ತಗ್ಗಿಸುತ್ತದೆ. ಸಿಸೇರಿಯನ್ ಆದವರೂ ಮೆಲ್ಲಗೆ ನಡೆಯಬಹುದು, ಆದರೆ ಭಾರ ಎತ್ತುವುದು, ಹೊಟ್ಟೆಯ ವ್ಯಾಯಾಮ ಆರು ವಾರದ ತಪಾಸಣೆಯ ನಂತರವೇ. ರಕ್ತಸ್ರಾವ ಹೆಚ್ಚಾದರೆ ಆ ದಿನ ನಿಲ್ಲಿಸಿ. ಮಲಗಿದವರು ಏಳುವಾಗ ಹೊಟ್ಟೆಯ ನಡುಗೆರೆ ಉಬ್ಬಿ ಕಾಣುತ್ತಿದ್ದರೆ ಸ್ನಾಯುಗಳು ಇನ್ನೂ ಕೂಡಿಕೊಂಡಿಲ್ಲ ಎಂದರ್ಥ. ಸಿಟ್-ಅಪ್ ಬೇಡ, ಫಿಸಿಯೋಥೆರಪಿಸ್ಟರಿಗೆ ತೋರಿಸಿ.

ನಿದ್ದೆಯನ್ನು ಯಾರೂ ತೂಕದ ಲೆಕ್ಕಕ್ಕೆ ಸೇರಿಸುವುದಿಲ್ಲ, ಸೇರಿಸಬೇಕು. ಮಗುವಿಗೆ ಆರು ತಿಂಗಳಾದಾಗಲೂ ದಿನಕ್ಕೆ ಐದು ಗಂಟೆ ಅಥವಾ ಕಡಿಮೆ ಮಲಗುವ ತಾಯಂದಿರಲ್ಲಿ ವರ್ಷದ ಕೊನೆಗೂ 5 ಕೆಜಿ ಉಳಿಯುವ ಸಾಧ್ಯತೆ ಹೆಚ್ಚೆಂದು ಅಧ್ಯಯನದಲ್ಲಿ ಕಂಡಿದೆ. ಮನೆಯವರು ಮಾಡಬಹುದಾದ ದೊಡ್ಡ ಉಪಕಾರ ಇಲ್ಲಿದೆ: ಹಾಲೂಡಿಸುವುದೊಂದನ್ನು ಬಿಟ್ಟು ತೇಗಿಸುವುದು, ಬಟ್ಟೆ ಬದಲಿಸುವುದು, ಮತ್ತೆ ಮಲಗಿಸುವುದು ಎಲ್ಲವನ್ನೂ ಅವರೇ ವಹಿಸಿಕೊಳ್ಳಲಿ.

ತಪಾಸಣೆ

ಹೆರಿಗೆಯಾದ 4ರಿಂದ 12 ವಾರದೊಳಗೆ 75 ಗ್ರಾಂ ಗ್ಲೂಕೋಸ್ ಕುಡಿದು ಮಾಡುವ ಪರೀಕ್ಷೆ ಆಗಲೇಬೇಕು. ಶುಗರ್ (mg/dL ಲೆಕ್ಕದಲ್ಲಿ) ಖಾಲಿಹೊಟ್ಟೆಯಲ್ಲಿ 100ಕ್ಕಿಂತ, ಎರಡು ಗಂಟೆಯ ನಂತರ 140ಕ್ಕಿಂತ ಕಡಿಮೆ ಇದ್ದರೆ ಸರಿ. ಖಾಲಿಹೊಟ್ಟೆಯಲ್ಲಿ 126 ಅಥವಾ ಎರಡು ಗಂಟೆಯ ನಂತರ 200 ಮುಟ್ಟಿದರೆ ಮಧುಮೇಹದ ಮಟ್ಟ, ನಡುವಿನದು ಅದರ ಮುನ್ಸೂಚನೆ. ಇದರ ಬದಲು ಎಚ್‌ಬಿಎ1ಸಿ (ಎರಡು-ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತಪರೀಕ್ಷೆ) ಮಾಡಿಸಿದರೆ ಸಾಲದು: ಬಸಿರು ಮತ್ತು ಹೆರಿಗೆಯ ರಕ್ತಸ್ರಾವದಿಂದ ಆ ಅಂಕಿ ಸುಳ್ಳಾಗಿ ಕಡಿಮೆ ಬರಬಹುದು. ಫಲಿತಾಂಶ ಸರಿಯಿದ್ದರೂ 1ರಿಂದ 3 ವರ್ಷಕ್ಕೊಮ್ಮೆ ಪರೀಕ್ಷೆ ಜೀವನಪೂರ್ತಿ.

ಊಟ, ನಡಿಗೆ ಸರಿಯಿದ್ದೂ ನಾಲ್ಕು ವಾರ ತೂಕ ಕದಲದಿದ್ದರೆ, ಜೊತೆಗೆ ಸುಸ್ತು, ಚಳಿ, ಮಲಬದ್ಧತೆ ಇದ್ದರೆ ಥೈರಾಯ್ಡ್ ನೋಡಿಸಿ. ಹೆರಿಗೆಯ ನಂತರ ಅದು ಕುಂದುವುದುಂಟು. ಎರಡು ವಾರ ದಾಟಿದರೂ ಮನಸ್ಸಿನ ಮಂಕು ಹೋಗದಿದ್ದರೆ ತೂಕದ ಮಾತು ಬದಿಗಿಟ್ಟು ಮೊದಲು ಅದನ್ನು ವೈದ್ಯರಿಗೆ ಹೇಳಿ. ಇನ್ನೊಂದು ಮಗುವಿನ ಯೋಚನೆ ಇದ್ದರೆ ಬಸಿರಾಗುವ ಮೊದಲೇ ಶುಗರ್ ಪರೀಕ್ಷೆ ಮಾಡಿಸಿ, ಹಿಂದಿನ ಬಸಿರಿನಲ್ಲಿ ಮಧುಮೇಹ ಇತ್ತೆಂಬುದನ್ನು ಮೊದಲ ಭೇಟಿಯಲ್ಲೇ ತಿಳಿಸಿ.