ಕೇಬಲ್ ಬದಲಿಸುವ ಮೊದಲು ಡಿಸ್ಕ್ ನೋಡಿ

ಯುಡಿಪಿ ಮೂಲಕ, ಅಂದರೆ ಕಳೆದದ್ದನ್ನು ಮತ್ತೆ ಕಳಿಸದ ಜಾಲವಿಧಾನದಲ್ಲಿ, ಪ್ಯಾಕೆಟ್ ಎಂಬ ತುಣುಕುಗಳಾಗಿ ಬರುವ ವಿಡಿಯೊವನ್ನು ಲಿನಕ್ಸ್ ಸರ್ವರ್‌ನಲ್ಲಿ ಫೈಲಿಗೆ ಬರೆದಿಡುತ್ತಿದ್ದೀರಿ. ಅರ್ಧ ನಿಮಿಷಕ್ಕೊಮ್ಮೆ ಚಿತ್ರ ಒಡೆಯುತ್ತದೆ. ಕೇಬಲ್ ಬದಲಿಸಿದ್ದಾಯಿತು, ಸ್ವಿಚ್ ಬದಲಿಸಿದ್ದಾಯಿತು, ಫಲವಿಲ್ಲ. ಪ್ಯಾಕೆಟ್ ನಷ್ಟಕ್ಕೆ ಹೀಗೆ ಒಂದು ಲಯವಿದ್ದರೆ ಮೊದಲು ಸರ್ವರ್‌ನ ಒಳಗೆ ಹುಡುಕಬೇಕು.

‘ನೆಟ್‌ಸ್ಟಾಟ್ -ಎಸ್‌ಯು’ ಆದೇಶ ಕೊಟ್ಟು ‘ರಿಸೀವ್ ಬಫರ್ ಎರರ್ಸ್’ ಸಾಲನ್ನು ಗಮನಿಸಿ. ಅದು ಏರುತ್ತಿದ್ದರೆ ಪ್ಯಾಕೆಟ್ ಸರ್ವರ್ ತನಕ ಕ್ಷೇಮವಾಗಿ ಬಂದಿದೆ, ಎತ್ತಿಕೊಳ್ಳುವವರಿಲ್ಲದೆ ಅಲ್ಲಿಯೇ ಚೆಲ್ಲಿದೆ. ಇನ್ನೊಂದು ಕಿಟಕಿಯಲ್ಲಿ ‘/ಪ್ರೊಕ್/ಮೆಮ್‌ಇನ್ಫೊ’ದ ‘ಡರ್ಟಿ’ ಮತ್ತು ‘ರೈಟ್‌ಬ್ಯಾಕ್’ ಸಾಲುಗಳನ್ನು ಸೆಕೆಂಡಿಗೊಮ್ಮೆ ನೋಡುತ್ತಿರಿ. ಡರ್ಟಿ ಎಂದರೆ ಡಿಸ್ಕಿಗೆ ಇನ್ನೂ ಬರೆಯದ ದತ್ತಾಂಶ, ರೈಟ್‌ಬ್ಯಾಕ್ ಎಂದರೆ ಈಗ ಬರೆಯುತ್ತಿರುವುದು. ಡರ್ಟಿ ಮೆಲ್ಲನೆ ನೂರಾರು ಎಂಬಿಗೆ ಏರುತ್ತದೆ, ರೈಟ್‌ಬ್ಯಾಕ್ ಥಟ್ಟನೆ ಜಿಗಿಯುತ್ತದೆ. ಅದೇ ಗಳಿಗೆಯಲ್ಲಿ ಎರರ್ ಸಂಖ್ಯೆಯೂ ಜಿಗಿದರೆ ಕಳ್ಳ ಸಿಕ್ಕಂತೆ.

ನಡೆಯುವುದು ಇಷ್ಟು. ಬರೆದ ದತ್ತಾಂಶ ಮೊದಲು ಮೆಮೊರಿಯ ಪೇಜ್ ಕ್ಯಾಶೆಯಲ್ಲಿ ಕೂರುತ್ತದೆ. ಲಿನಕ್ಸ್‌ನ ತಿರುಳಾದ ಕರ್ನಲ್ 5 ಸೆಕೆಂಡಿಗೊಮ್ಮೆ ಎದ್ದು, 30 ಸೆಕೆಂಡು ಹಳತಾದದ್ದನ್ನು ಡಿಸ್ಕಿಗೆ ಸಾಗಿಸುತ್ತದೆ. ಆ ಭರಾಟೆಯಲ್ಲಿ ನಿಮ್ಮ ಪ್ರೋಗ್ರಾಂ ಮಾಡಿದ ‘ರೈಟ್’ ಕರೆ ಸಿಕ್ಕಿಹಾಕಿಕೊಳ್ಳಬಹುದು. ಬರೆಯುವುದೂ ಪ್ಯಾಕೆಟ್ ಓದುವುದೂ ಒಂದೇ ಥ್ರೆಡ್ (ಪ್ರೋಗ್ರಾಂನೊಳಗಿನ ಕೆಲಸದ ಎಳೆ) ಆದರೆ ಓದು ನಿಂತಿತು. ಹಂಡೆಯ ಹತ್ತಿರ ತಡವಾದರೆ ನಲ್ಲಿಯಡಿಯ ಬಿಂದಿಗೆ ತುಂಬಿ ಹರಿಯುತ್ತದಲ್ಲ, ಹಾಗೆ. ಈ ಬಿಂದಿಗೆಯೂ ತೀರಾ ಚಿಕ್ಕದು: ಹೆಚ್ಚಿನ ಲಿನಕ್ಸ್‌ಗಳಲ್ಲಿ ಪ್ಯಾಕೆಟ್ ಕಾಯುವ ಜಾಗ, ಅಂದರೆ ಸಾಕೆಟ್ ಬಫರ್, 2,12,992 ಬೈಟ್. ಸೆಕೆಂಡಿಗೆ 100 ಮೆಗಾಬಿಟ್ ಹರಿದರೆ 17 ಮಿಲಿಸೆಕೆಂಡೂ ತಾಳುವುದಿಲ್ಲ.

ಪರಿಹಾರಕ್ಕೆ ಮೊದಲು ‘ವಿಎಂ.ಡರ್ಟಿ_ಬ್ಯಾಕ್‌ಗ್ರೌಂಡ್_ಬೈಟ್ಸ್’ ಎಂಬ ಕರ್ನಲ್ ಸೆಟ್ಟಿಂಗನ್ನು 6,71,08,864ಕ್ಕೆ, ಅಂದರೆ 64 ಎಂಬಿಗೆ ಇಳಿಸಿ. ಡರ್ಟಿ ದತ್ತಾಂಶ ಇಷ್ಟಾದಾಗ ಕರ್ನಲ್ ಡಿಸ್ಕಿಗೆ ಸಾಗಿಸಲು ತೊಡಗುತ್ತದೆ. ಸಾಮಾನ್ಯವಾಗಿ ಈ ಮಿತಿ ಲಭ್ಯ ಮೆಮೊರಿಯ ಶೇ 10ರಷ್ಟಿರುತ್ತದೆ. ದೊಡ್ಡ ಸರ್ವರ್‌ನಲ್ಲಿ ಅದು ಗಿಗಾಬೈಟ್‌ಗಟ್ಟಲೆ. ಇಳಿಸಿದರೆ ಡಿಸ್ಕಿಗೆ ಕೆಲಸ ಸಣ್ಣ ಸಣ್ಣ ಕಂತುಗಳಲ್ಲಿ ಹೋಗುತ್ತದೆ. ಬಳಿಕ ‘ನೆಟ್.ಕೋರ್.ಆರ್‌ಮೆಮ್_ಮ್ಯಾಕ್ಸ್’ ಅನ್ನು, ಅಂದರೆ ಸಾಕೆಟ್ ಬಫರಿನ ಗರಿಷ್ಠ ಮಿತಿಯನ್ನು, 8 ಎಂಬಿಗೆ ಏರಿಸಿ. ಪ್ರೋಗ್ರಾಂ ತಾನಾಗಿ ಅಷ್ಟು ಬಫರ್ ಕೇಳಿದರೆ ಮಾತ್ರ ಇದು ಫಲಿಸುತ್ತದೆ. ಅನೇಕರು ಎಡವುವುದು ಇಲ್ಲಿಯೇ.

ಇವೆರಡೂ ಉಸಿರಾಡಲು ಬಿಡುವು ಕೊಡುತ್ತವೆ, ಅಷ್ಟೇ. ಪ್ರೋಗ್ರಾಂ ನಿಮ್ಮದೇ ಆಗಿದ್ದರೆ ದಯವಿಟ್ಟು ಅದನ್ನೇ ತಿದ್ದಿ. ಒಂದು ಥ್ರೆಡ್ ಪ್ಯಾಕೆಟ್ ಓದಿ ಮೆಮೊರಿಯ ಸರತಿಯಲ್ಲಿ ಇಡಲಿ, ಇನ್ನೊಂದು ಅಲ್ಲಿಂದ ಎತ್ತಿ ಡಿಸ್ಕಿಗೆ ಬರೆಯಲಿ. ಓದುವ ಥ್ರೆಡ್ ಫೈಲನ್ನು ಮುಟ್ಟಲೇಬಾರದು, ಲಾಗ್ ಬರೆಯುವುದಕ್ಕೂ ಕೂಡ.

ಹತ್ತು ನಿಮಿಷ ಓಡಲು ಬಿಟ್ಟು ಮತ್ತೆ ‘ನೆಟ್‌ಸ್ಟಾಟ್’ ನೋಡಿ. ಎರರ್ ಸಂಖ್ಯೆ ಇದ್ದಲ್ಲೇ ಇದ್ದರೆ ಹಳೆಯ ಕೇಬಲನ್ನೇ ಮತ್ತೆ ಜೋಡಿಸಬಹುದು.