ಕಣಗಿಲೆ ಪತಂಗ: ಹುಳುವಿನ ಬಣ್ಣ ನೋಡಿ ಸಾಕಿದ ನನ್ನ ಅನುಭವ

ನಂದಿಬಟ್ಟಲು, ಕಣಗಿಲೆ, ನಿತ್ಯಪುಷ್ಪ ಗಿಡಗಳ ಎಲೆ ಮೇಯುವ ದಪ್ಪ ಹಸಿರು ಹುಳುವಿಗೆ ಹೆಚ್ಚಿನವರು ಔಷಧ ಸಿಂಪಡಿಸುತ್ತಾರೆ. ನಾನು ಅದನ್ನು ಸಾಕುತ್ತೇನೆ. ಅದು ಕಣಗಿಲೆ ಪತಂಗದ ಮರಿ. 1758ರಲ್ಲಿ ಸ್ವೀಡನ್ನಿನ ಜೀವವಿಜ್ಞಾನಿ ಲಿನೇಯಸ್ ವಿವರಿಸಿದ ಈ ಪತಂಗದ ಇಂದಿನ ವೈಜ್ಞಾನಿಕ ಹೆಸರು ಡಾಫ್ನಿಸ್ ನೇರಿಯೈ.

ಎಳೆಯ ಎಲೆಗಳಲ್ಲಿ ಒಂಟಿಯಾಗಿ ಅಂಟಿರುವ, ಒಂದೂವರೆ ಮಿಲಿಮೀಟರಿನ ತಿಳಿಹಸಿರು ಮೊಟ್ಟೆಗಳನ್ನೇ ಹುಡುಕಿ ತರುತ್ತೇನೆ. ಬೆಳೆದ ಹುಳುವನ್ನು ತಂದರೆ ಅದರೊಳಗೆ ಪರಾವಲಂಬಿ ನೊಣದ ಮರಿ ಆಗಲೇ ಸೇರಿಕೊಂಡಿರಬಹುದು. ಮೊಟ್ಟೆಯೊಡೆದ ಮರಿ ಹಳದಿ. ಬಾಲದ ಬಳಿ ಮೈಗೆ ಹೊಂದದಷ್ಟು ಉದ್ದನೆಯ ಕಪ್ಪು ಕೊಂಬು. ಯಾವ ಗಿಡದಲ್ಲಿ ಸಿಕ್ಕಿತೋ ಅದೇ ಗಿಡದ ಎಲೆ ಹಾಕುತ್ತೇನೆ, ಹಿಕ್ಕೆಯನ್ನು ದಿನವೂ ತೆಗೆಯುತ್ತೇನೆ. ಕಣಗಿಲೆಯ ಹಾಲು ವಿಷ, ಎಲೆ ಮುಟ್ಟಿದ ಮೇಲೆ ಕೈ ತೊಳೆಯಲೇಬೇಕು.

ಪೊರೆ ಕಳಚುತ್ತ ಬೆಳೆದಂತೆ ಹುಳು ಹಸಿರಾಗುತ್ತದೆ, ಕೊಂಬು ಮೋಟಾಗಿ ಹಳದಿಗೆ ತಿರುಗುತ್ತದೆ. ಎದೆಯ ಮೇಲೆ ಕಪ್ಪು ಅಂಚಿನ ಎರಡು ನೀಲಿ–ಬಿಳಿ ಚುಕ್ಕೆಗಳಿರುತ್ತವೆ. ಮುಟ್ಟಿದರೆ ತಲೆಯನ್ನು ಒಳಕ್ಕೆಳೆದು ಎದೆ ಉಬ್ಬಿಸುತ್ತದೆ. ಆಗ ಆ ಚುಕ್ಕೆಗಳು ಕಣ್ಣಿನಂತೆ ಅಗಲಗೊಳ್ಳುವುದನ್ನು ಎಷ್ಟು ಸಲ ನೋಡಿದರೂ ನನಗೆ ಸಾಲದು.

ಏಳೆಂಟು ಸೆಂಟಿಮೀಟರ್ ಬೆಳೆದ ಹುಳು ಒಮ್ಮೆಲೇ ತಿನ್ನುವುದನ್ನು ಬಿಟ್ಟು, ಹಿಕ್ಕೆ ನೀರಾಗಿ, ಮೈ ಕಂದುಬಣ್ಣಕ್ಕೆ ತಿರುಗಿ ಡಬ್ಬಿಯ ಗೋಡೆಯುದ್ದಕ್ಕೂ ಅಲೆಯುತ್ತದೆ. ರೋಗ ಬಂತೆಂದು ಬಿಸಾಡಬೇಡಿ. ಅದು ಈಗ ನೆಲವನ್ನು ಹುಡುಕುತ್ತಿದೆ. ತೇವವಿಲ್ಲದ ಮಣ್ಣಿನ ಮೇಲೆ ಒಣ ತರಗೆಲೆ ಹರಡಿಕೊಟ್ಟರೆ ಅದರಡಿ ನುಸುಳಿ, ಕೆಲವು ಎಳೆ ನೂಲಿನಿಂದ ಎಲೆಗಳನ್ನು ಸಡಿಲವಾಗಿ ಹೆಣೆದು ಕೋಶವಾಗುತ್ತದೆ. ಸಾಕುವ ಕೆಲಸದಲ್ಲಿ ಇದಕ್ಕಿಂತ ಮುಖ್ಯವಾದದ್ದಿಲ್ಲ. ಆಮೇಲೆ ನಾನು ಎಲೆ ಕೆದಕುವುದಿಲ್ಲ.

ಬೆಚ್ಚನೆಯ ಹವೆಯಲ್ಲಿ ಎರಡು ವಾರದ ಆಸುಪಾಸಿಗೆ ಪತಂಗ ಹೊರಬರುತ್ತದೆ. ಅದಕ್ಕೂ ಮೊದಲೇ ಒಂದು ಒರಟು ಕಡ್ಡಿಯನ್ನು ಓರೆಯಾಗಿ ನಿಲ್ಲಿಸಿಡುತ್ತೇನೆ. ಹತ್ತಿ ನೇತಾಡಲು ಆಸರೆ ಸಿಗದಿದ್ದರೆ ಮುದುಡಿದ ರೆಕ್ಕೆ ಮುದುಡಿದಂತೆಯೇ ಒಣಗಿಬಿಡುತ್ತದೆ. ಬಿಚ್ಚಿಕೊಂಡ ರೆಕ್ಕೆ ತುದಿಯಿಂದ ತುದಿಗೆ ಸುಮಾರು ಹತ್ತು ಸೆಂಟಿಮೀಟರ್; ಹಲವು ಬಗೆಯ ಹಸಿರಿನ ನಡುವೆ ಬಿಳಿ ಮತ್ತು ನಸುಗೆಂಪಿನ ಪಟ್ಟೆಗಳು.

ಮುಸ್ಸಂಜೆಗೆ ಹೊರಗೆ ಬಿಡುತ್ತೇನೆ. ಹೂವಿನ ಮೇಲೆ ಕೂರದೆ, ಎದುರಿಗೆ ಗಾಳಿಯಲ್ಲೇ ನಿಂತು ಉದ್ದನೆಯ ನಳಿಕೆಯಿಂದ ಮಕರಂದ ಹೀರುವ ಜೀವಿ ಇದು. ಹಾರಾಟದ ಬಲವೂ ಅಂಥದ್ದೇ: ಆಫ್ರಿಕಾ ಮತ್ತು ದಕ್ಷಿಣ ಏಷ್ಯಾದಲ್ಲಿ ನೆಲೆಸಿರುವ ಈ ಪತಂಗ ಬೇಸಿಗೆಯಲ್ಲಿ ಯುರೋಪಿಗೂ ವಲಸೆ ಹೋಗುತ್ತದೆ, ಅಪರೂಪಕ್ಕೆ ಬ್ರಿಟನ್ನಿನವರೆಗೂ ತಲುಪುತ್ತದೆ.