ಮೇಷ್ಟ್ರ ಡೈರಿಯೂ ಟ್ಯಾಂಕಿನ ನೆರಳೂ

ಡಿಸೆಂಬರ್ ಎರಡನೇ ವಾರ ಮೇಷ್ಟ್ರು ಫೋನ್ ಮಾಡಿದರು. "ಏನಯ್ಯಾ, ದಿನಕ್ಕೆ ಹನ್ನೆರಡು ಯೂನಿಟ್ ಬರುತ್ತೆ ಅಂದಿದ್ದೆ. ಒಂಬತ್ತೂವರೆ ದಾಟ್ತಾನೇ ಇಲ್ವಲ್ಲ?"

ಅವರು ಮೈಸೂರಿನ ಹೈಸ್ಕೂಲೊಂದರಲ್ಲಿ ಗಣಿತ ಹೇಳಿಕೊಡುತ್ತಿದ್ದವರು, ಈಗ ನಿವೃತ್ತರು. ಕುವೆಂಪುನಗರದಲ್ಲಿ 30-40 ಸೈಟಿನ ಮನೆ. ಮೇ ತಿಂಗಳಲ್ಲಿ ಅವರ ತಾರಸಿ ಮೇಲೆ 540 ವ್ಯಾಟ್‌ನ ಆರು ಸೋಲಾರ್ ಪ್ಯಾನೆಲ್ ಹಾಕಿದ್ದೆ. ಒಟ್ಟು 3.24 ಕಿಲೋವ್ಯಾಟ್. ಪಿಎಂ ಸೂರ್ಯಘರ್ ಯೋಜನೆಯ 78,000 ರೂಪಾಯಿ ಸಬ್ಸಿಡಿಯೂ ಬಂದಿತ್ತು. ಅವತ್ತಿನಿಂದ ಮೇಷ್ಟ್ರು ದಿನಾ ಸಂಜೆ ಇನ್ವರ್ಟರ್ ನೋಡಿ, ಬ್ಯಾಂಕಿನವರು ಕೊಟ್ಟ ಹಳೇ ಡೈರಿಯಲ್ಲಿ ಯೂನಿಟ್ ಬರೆದಿಡುತ್ತಿದ್ದರು. ಗಣಿತದ ಮೇಷ್ಟ್ರಿಗೆ ಅಂದಾಜಿನ ಲೆಕ್ಕ ಹೇಳುವಾಗ ನಾನು ಸ್ವಲ್ಪ ಯೋಚನೆ ಮಾಡಬೇಕಿತ್ತು.

ನನ್ನ ಅಂದಾಜು ಏನಿತ್ತು ಅಂದರೆ, ಒಂದು ಕಿಲೋವ್ಯಾಟ್‌ಗೆ ದಿನಕ್ಕೆ ನಾಲ್ಕು ಯೂನಿಟ್. ನಮ್ಮ ಕಡೆ ಎಲ್ಲರೂ ಹೇಳುವ ಲೆಕ್ಕ, ತಪ್ಪೇನಲ್ಲ. ತಪ್ಪಾಗಿದ್ದು ನಾನು ಸೈಟ್ ನೋಡಿದ ಹೊತ್ತು. ಏಪ್ರಿಲ್ ಕೊನೆಯ ವಾರ, ಮಧ್ಯಾಹ್ನ ಹನ್ನೆರಡೂ ಕಾಲು. ಮೈಸೂರಲ್ಲಿ ಏಪ್ರಿಲ್ 22ರ ಆಸುಪಾಸು ಆ ಹೊತ್ತಿಗೆ ಸೂರ್ಯ ಸರಿಯಾಗಿ ನೆತ್ತಿ ಮೇಲೆ ಇರುತ್ತಾನೆ. ಟ್ಯಾಂಕಿನ ನೆರಳು ಟ್ಯಾಂಕಿನ ಕೆಳಗೇ ಬಿದ್ದಿತ್ತು. ನೆರಳೇ ಇಲ್ಲದ ದಿನ ನೋಡಿಕೊಂಡು, ನೆರಳಿನ ಸಮಸ್ಯೆ ಇಲ್ಲ ಅಂತ ಬರೆದುಕೊಂಡು ಬಂದಿದ್ದೆ!

ಡಿಸೆಂಬರ್‌ನಲ್ಲಿ ಕಥೆ ಬೇರೆ. ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ಡಿಸೆಂಬರ್ 21ರ ಬೆಳಗ್ಗೆ 9ಕ್ಕೆ ಮೈಸೂರಲ್ಲಿ ಸೂರ್ಯನ ಎತ್ತರ ಸುಮಾರು 29 ಡಿಗ್ರಿ. ಅಂದರೆ ಒಂದು ಮೀಟರ್ ಎತ್ತರದ ವಸ್ತುವಿಗೆ 1.8 ಮೀಟರ್ ನೆರಳು, ಅದೂ ವಾಯವ್ಯದ ಕಡೆಗೆ. ಮೇಷ್ಟ್ರ ಮನೆಯ ಮೆಟ್ಟಿಲಿನ ಹೆಡ್‌ರೂಮ್ ಆಗ್ನೇಯ ಮೂಲೆಯಲ್ಲಿದೆ. ಅದರ ಮೇಲೆ ಸಾವಿರ ಲೀಟರಿನ ಟ್ಯಾಂಕ್. ಎರಡೂ ಸೇರಿ ತಾರಸಿಯಿಂದ ಹತ್ತಿರ ಹತ್ತಿರ ನಾಲ್ಕು ಮೀಟರ್. ನೆರಳು ಎಲ್ಲಿಗೆ ಬೀಳುತ್ತೆ ಅಂತ ಕೇಳೋದೇ ಬೇಡ.

ಕಣ್ಣಂದಾಜು ಸಾಕು, ಇನ್ನು ಸಾಫ್ಟ್‌ವೇರ್‌ನಲ್ಲೇ ಮಾಡೋಣ ಅಂತ ಕೂತೆ. ಮೊದಲು ಪಿವಿಜಿಐಎಸ್ ತೆರೆದೆ. ಯುರೋಪಿಯನ್ ಕಮಿಷನ್‌ನವರದ್ದು, ಬ್ರೌಸರ್‌ನಲ್ಲೇ ನಡೆಯುತ್ತೆ, ದುಡ್ಡಿಲ್ಲ. ಊರು, ಕಿಲೋವ್ಯಾಟ್, ಓರೆ, ದಿಕ್ಕು ಕೊಟ್ಟರೆ ತಿಂಗಳುವಾರು ಯೂನಿಟ್ ಹೇಳುತ್ತೆ. ದೂರದ ಬೆಟ್ಟಗುಡ್ಡದ ನೆರಳನ್ನೂ ಲೆಕ್ಕಕ್ಕೆ ತಗೊಳ್ಳುತ್ತೆ. ಆದರೆ ಪಕ್ಕದ ಟ್ಯಾಂಕು, ತೆಂಗಿನ ಮರ ಅದಕ್ಕೆ ಗೊತ್ತಿಲ್ಲ. ಇಲ್ಲಿ ನಾನೊಂದು ಎಡವಟ್ಟು ಮಾಡಿದೆ. ಅಮೆರಿಕದ ಸ್ಯಾಮ್ ಅನ್ನೋ ಉಚಿತ ಸಾಫ್ಟ್‌ವೇರ್‌ನಲ್ಲಿ ದಕ್ಷಿಣ ಅಂದರೆ 180. ಅದರ ಅಭ್ಯಾಸದಲ್ಲಿ ಇಲ್ಲೂ 180 ಹಾಕಿದೆ. ಪಿವಿಜಿಐಎಸ್‌ನಲ್ಲಿ ದಕ್ಷಿಣ ಅಂದರೆ 0. ಹಾಗಾಗಿ ಪ್ಯಾನೆಲ್‌ಗಳೆಲ್ಲ ಉತ್ತರಕ್ಕೆ ಮುಖ ಮಾಡಿ ಕೂತವು. ತಮಾಷೆ ಏನಂದ್ರೆ ವರ್ಷದ ಒಟ್ಟು ಲೆಕ್ಕ ನೋಡಿದಾಗ ಇದು ಗೊತ್ತೇ ಆಗಲಿಲ್ಲ. ನಮ್ಮ ಅಕ್ಷಾಂಶದಲ್ಲಿ 12 ಡಿಗ್ರಿ ಓರೆಗೆ ಉತ್ತರ ದಕ್ಷಿಣದ ವ್ಯತ್ಯಾಸ ತೀರಾ ಭಯಂಕರವಾಗಿ ಇರುವುದಿಲ್ಲ. ಡಿಸೆಂಬರ್ ಅಂಕಿ ಮಾತ್ರ ವಿಪರೀತ ಕಡಿಮೆ ಬಂತು, ಆಗ ಸಿಕ್ಕಿಬಿತ್ತು. ಸರಿಮಾಡಿದ ಮೇಲೆ ನೆರಳಿಲ್ಲದ ಡಿಸೆಂಬರ್‌ಗೆ ದಿನಕ್ಕೆ 13 ಯೂನಿಟ್ ಬಂತು.

ನೆರಳಿನ ಕೆಲಸಕ್ಕೆ ಪಿವಿಸಿಸ್ಟ್ ತಗೊಂಡೆ. ಸ್ವಿಟ್ಜರ್ಲೆಂಡಿನ ಸಾಫ್ಟ್‌ವೇರ್. 30 ದಿನ ಪುಕ್ಕಟೆ ನೋಡಬಹುದು, ಆಮೇಲೆ ವರ್ಷಕ್ಕೆ ದುಡ್ಡು. ಸ್ಯಾಮ್‌ನಲ್ಲೂ ಮೂರು ಆಯಾಮದ ನೆರಳು ಲೆಕ್ಕ ಇದೆ, ಒಂದೆರಡು ಮನೆಗೆ ಅದೇ ಸಾಕು. ನನಗೆ ಇದು ದಿನನಿತ್ಯದ ಕೆಲಸ, ಅದಕ್ಕೆ ಖರ್ಚು ಮಾಡಿದೆ.

ಅಳತೆಗೆ ತಾರಸಿ ಹತ್ತಿದಾಗ ದಿಕ್ಕಿನಲ್ಲೇ ಮೊದಲ ಪೆಟ್ಟು. ಫೋನಿನ ದಿಕ್ಸೂಚಿ ಒಂದು ಮೂಲೆಯಲ್ಲಿ ಒಂದು ಹೇಳಿದರೆ ಇನ್ನೊಂದು ಮೂಲೆಯಲ್ಲಿ ಹದಿನಾಲ್ಕು ಡಿಗ್ರಿ ಬೇರೆ. ಕಾರಣ ಕಂಬಿ. ಮಗ ಮುಂದೆ ಮೇಲೊಂದು ಮನೆ ಕಟ್ಟುತ್ತಾನೆ ಅಂತ ಪಿಲ್ಲರ್ ಕಂಬಿಗಳನ್ನು ಹಾಗೇ ಬಿಟ್ಟಿದ್ದಾರೆ, ನಮ್ಮೂರಿನ ಅರ್ಧ ತಾರಸಿಗಳ ಹಾಗೆ. ದಿಕ್ಸೂಚಿ ಜೇಬಿಗೆ ಹಾಕಿ, ಉಪಗ್ರಹ ಚಿತ್ರದಲ್ಲಿ ಪ್ಯಾರಪೆಟ್ ಗೋಡೆಯ ಗೆರೆ ಹಿಡಿದು ದಿಕ್ಕು ತೆಗೆದೆ.

ಪಶ್ಚಿಮದ ಮನೆಯ ಕಾಂಪೌಂಡಿನಲ್ಲಿ ತೆಂಗಿನ ಮರ ಇದೆ. ಅದರ ಎತ್ತರಕ್ಕೆ ಮೇಷ್ಟ್ರೇ ದಾರಿ ತೋರಿಸಿದರು. ರಸ್ತೆಯಲ್ಲಿ ಒಂದು ಮೀಟರ್ ಕೋಲು ನಿಲ್ಲಿಸಿ ಅದರ ನೆರಳು ಅಳೆದರು, ಆಮೇಲೆ ಮರದ ನೆರಳು ಅಳೆದರು, ಭಾಗಿಸಿದರು. "ಒಂಬತ್ತನೇ ಕ್ಲಾಸಿನವರು ಮಾಡ್ತಾರಯ್ಯ ಇದನ್ನ" ಅಂದರು. ಸುಮ್ನೆ ತಲೆ ಆಡಿಸಿದೆ.

ಬಟ್ಟೆ ಒಣಹಾಕುವ ತಂತಿಯನ್ನು ಸಾಫ್ಟ್‌ವೇರ್‌ನಲ್ಲಿ ಕಟ್ಟುವ ತಾರಸಿಯ ಮಾದರಿಯಲ್ಲಿ ಹಾಕಲಿಲ್ಲ. ಸೂರ್ಯ ಚುಕ್ಕೆಯಲ್ಲ, ಆಕಾಶದಲ್ಲಿ ಅರ್ಧ ಡಿಗ್ರಿ ಅಗಲದ ತಟ್ಟೆ. ಮೂರು ಮಿಲಿಮೀಟರ್ ತಂತಿಯ ನೆರಳು ಒಂದು ಮೀಟರ್ ಹೋಗುವಷ್ಟರಲ್ಲಿ ಮಸುಕಾಗಿಬಿಡುತ್ತೆ. ತಂತಿ ಬಿಡಬಹುದು. ಅದರ ಮೇಲೆ ಒಣಗುವ ಸೀರೆಯನ್ನು ಬಿಡೋ ಹಾಗಿಲ್ಲ! ತಂತಿಯನ್ನು ಉತ್ತರಕ್ಕೆ ಕಟ್ಟಿಸಿದೆ.

ಮನೆಗೆ ಬಂದು ಹೆಡ್‌ರೂಮ್, ಟ್ಯಾಂಕ್, ಸೋಲಾರ್ ಹೀಟರ್, ಮರ, ಆರು ಪ್ಯಾನೆಲ್ ಎಲ್ಲ ಕೂರಿಸಿದೆ. ಡಿಸೆಂಬರ್ 21 ಅಂತ ಕೊಟ್ಟು ನೆರಳು ಓಡಿಸಿ ನೋಡಿದೆ. ಪರದೆ ಮೇಲೆ ಚೆನ್ನಾಗಿ ಕಾಣಿಸಿತು. ಆದರೆ ಒಮ್ಮೆ ಏಟು ತಿಂದವನು ನಾನು. ಮಾರನೇ ದಿನವೇ 21, ಸೀಮೆಸುಣ್ಣ ಹಿಡಿದು ಬೆಳಗ್ಗೆ ಎಂಟಕ್ಕೆ ತಾರಸಿ ಮೇಲಿದ್ದೆ. ಅರ್ಧ ಗಂಟೆಗೊಮ್ಮೆ ಟ್ಯಾಂಕಿನ ನೆರಳಿನ ಅಂಚಿಗೆ ಗೆರೆ ಎಳೆದು ಪಕ್ಕದಲ್ಲಿ ಸಮಯ ಬರೆದೆ. ಮೇಷ್ಟ್ರ ಮನೆಯವರು ಕಾಫಿ ತಂದವರು ನಿಂತು ನೋಡಿದರು. "ಏನಪ್ಪಾ, ಧನುರ್ಮಾಸದ ರಂಗೋಲಿ ಬಾಗಿಲಿಗೆ ಹಾಕ್ತಾರೆ, ನೀನು ತಾರಸಿಗೆ ಹಾಕ್ತಿದ್ದೀಯಾ?"

"ನೆರಳಿಗೆ ಹಾಕ್ತಿದ್ದೀನಿ ಅಮ್ಮಾ" ಅಂದೆ.

ಒಂಬತ್ತು ಗಂಟೆಯ ಗೆರೆ ಮಾದರಿಗಿಂತ ಒಂದು ಗೇಣು ಮೇಲೇ ಮುಂದಿತ್ತು. ಟೇಪ್ ಇಟ್ಟರೆ 36 ಸೆಂಟಿಮೀಟರ್. ಅದನ್ನು 1.8ರಿಂದ ಭಾಗಿಸಿದರೆ 20. ತಲೆ ಎತ್ತಿ ನೋಡಿದೆ. ಟ್ಯಾಂಕಿನ ಕೆಳಗೆ ಇಟ್ಟಿಗೆ ಕಟ್ಟೆ ಇದೆ, ಅದನ್ನು ಅಳೆಯೋದೇ ಮರೆತಿದ್ದೆ. ಏಣಿ ಹತ್ತಿ ಅಳೆದರೆ ಸರಿಯಾಗಿ 20 ಸೆಂಟಿಮೀಟರ್. ಆ ಸಂತೋಷ ಹೇಳೋಕಾಗಲ್ಲ. ಕಟ್ಟೆ ಸೇರಿಸಿದ ಮೇಲೆ ಉಳಿದ ಗೆರೆಗಳೂ ಕೂತವು.

ಇನ್ನು ಯೂನಿಟ್ ಲೆಕ್ಕ. ಪಿವಿಸಿಸ್ಟ್‌ನಲ್ಲಿ ನೆರಳನ್ನು ಎರಡು ರೀತಿಯಲ್ಲಿ ಲೆಕ್ಕ ಹಾಕಬಹುದು. ಒಂದು, ನೆರಳು ಎಷ್ಟು ಜಾಗ ಮುಚ್ಚಿದೆಯೋ ಅಷ್ಟೇ ನಷ್ಟ ಅಂತ. ಇನ್ನೊಂದು, ಪ್ಯಾನೆಲ್‌ಗಳ ಸ್ಟ್ರಿಂಗ್ ಜೋಡಣೆ, ಅಂದರೆ ಒಂದರ ಹಿಂದೊಂದು ಸರಣಿಯಾಗಿ ಹೇಗೆ ಜೋಡಿಸಿದೆ ಅಂತ ನೋಡಿಕೊಂಡು. ಮೊದಲನೆಯದರಲ್ಲಿ ಡಿಸೆಂಬರ್‌ಗೆ ದಿನಕ್ಕೆ 12.1 ಬಂತು. ಎರಡನೆಯದರಲ್ಲಿ 10.6. ಒಂದೇ ತಾರಸಿ, ಒಂದೇ ನೆರಳು!

ಯಾಕೆ ಅಂತ ಮೇಷ್ಟ್ರು ಬಿಡಲಿಲ್ಲ. ಮೋಲ್ಡ್ ಹಾಕುವ ದಿನದ ಉದಾಹರಣೆ ಕೊಟ್ಟೆ. ಕಾಂಕ್ರೀಟ್ ಬಾಂಡ್ಲಿಯನ್ನು ಕೈಯಿಂದ ಕೈಗೆ ದಾಟಿಸುತ್ತಾ ಸಾಲಾಗಿ ನಿಂತಿರುತ್ತಾರಲ್ಲ, ಅದರಲ್ಲಿ ಒಬ್ಬ ನಿಧಾನ ಆದರೆ ಸಾಲೇ ನಿಧಾನ. ಪ್ಯಾನೆಲ್ ಒಳಗಿನ ಸೆಲ್‌ಗಳೂ ಹಾಗೇ ಸರಣಿಯಲ್ಲಿವೆ. ಅಂಗೈ ಅಗಲದ ನೆರಳು ಮೂಲೆಗೆ ತಾಗಿದರೂ ಆ ಗುಂಪೇ ಸೋಲುತ್ತೆ. ಅದಕ್ಕೇ ಪ್ಯಾನೆಲ್‌ನಲ್ಲಿ ಮೂರು ಬೈಪಾಸ್ ಡಯೋಡ್ ಇಟ್ಟಿರುತ್ತಾರೆ. ಸುಸ್ತಾದವನನ್ನು ಪಕ್ಕಕ್ಕೆ ಸರಿಸಿ ಬಾಂಡ್ಲಿ ಮುಂದೆ ಹೋಗುತ್ತೆ, ಆದರೆ ಅವನ ಕೆಲಸ ಅಷ್ಟೂ ಹೋಯಿತು. ಮನೆ ತಾರಸಿಗೆ ಮೊದಲನೇ ಲೆಕ್ಕ ಕೊಡುವವರನ್ನು ನಾನು ಈಗ ನಂಬುವುದಿಲ್ಲ. ಗಿರಾಕಿಗೆ ತೋರಿಸೋಕೆ ಚೆಂದ, ಅಷ್ಟೇ.

ಆದರೂ ಒಂದು ಕೊರತೆ ಉಳಿಯಿತು. ಮಾದರಿ 10.6 ಅನ್ನುತ್ತೆ, ಡೈರಿ ಸರಾಸರಿ 9.4. ಸಾಫ್ಟ್‌ವೇರ್ ಬಳಸುವುದು ಮಾಮೂಲಿ ವರ್ಷವೊಂದರ ಹವಾಮಾನ, ಈ ಡಿಸೆಂಬರಿನದ್ದಲ್ಲ. ಹಾಗಾಗಿ ತಿಂಗಳ ಸರಾಸರಿ ಹಿಡಿದು ಜಗಳ ಆಡುವಂತಿಲ್ಲ. ಮೋಡವೇ ಇಲ್ಲದ ಒಂದು ದಿನ ಆರಿಸಿ, ಇನ್ವರ್ಟರ್ ಆ್ಯಪ್‌ನ ಗ್ರಾಫನ್ನು ಮಾದರಿಯ ಗ್ರಾಫ್ ಪಕ್ಕ ಇಟ್ಟೆ. ಎರಡರಲ್ಲೂ ಬೆಳಗ್ಗೆ ಹತ್ತೂಕಾಲರವರೆಗೆ ಇಲಿ ಕಚ್ಚಿದ ಹಾಗೆ ಒಂದು ತುಂಡು ಹೋಗಿತ್ತು. ಸಂಜೆ ತೆಂಗಿನ ಮರದ್ದೊಂದು ಸಣ್ಣ ಕಚ್ಚು. ಹೊತ್ತು ಸರಿಯಾಗಿ ಹೊಂದುತ್ತಿತ್ತು, ಆಳ ಹೊಂದುತ್ತಿರಲಿಲ್ಲ. ಆ್ಯಪ್‌ನಲ್ಲಿ ಕಚ್ಚಿದ ತುಂಡು ಜಾಸ್ತಿ ಆಳ.

ಎರಡು ದಿನ ತಲೆ ಕೆರೆದುಕೊಂಡೆ. ವೋಲ್ಟೇಜ್ ಬದಲಿಸುತ್ತಾ ಹೋದರೆ ಸ್ಟ್ರಿಂಗ್‌ನಿಂದ ಸಿಗುವ ಶಕ್ತಿಯ ಗ್ರಾಫ್, ನೆರಳು ಬಿದ್ದಾಗ ಒಂದೇ ಗುಡ್ಡದ ಹಾಗೆ ಇರುವುದಿಲ್ಲ, ಒಂದು ದೊಡ್ಡ ಗುಡ್ಡ, ಪಕ್ಕದಲ್ಲೊಂದು ದಿಬ್ಬ ಆಗುತ್ತೆ. ಇನ್ವರ್ಟರ್ ದಿಬ್ಬ ಹತ್ತಿ ಇದೇ ತುದಿ ಅಂದುಕೊಂಡು ಕೂತುಬಿಡಬಹುದು. ಇದಕ್ಕೆ ಅಂತಲೇ ಅನೇಕ ಇನ್ವರ್ಟರ್‌ಗಳಲ್ಲಿ ನೆರಳಿನ ಸ್ಕ್ಯಾನ್ ಅನ್ನೋ ಆಯ್ಕೆ ಇರುತ್ತೆ. ಸೆಟಿಂಗ್ ತೆರೆದೆ. ಆಫ್. ಮೇ ತಿಂಗಳಲ್ಲಿ ನಾನೇ ಚಾಲೂ ಮಾಡಿಕೊಟ್ಟ ಇನ್ವರ್ಟರ್ ಅದು. ಮೇಷ್ಟ್ರಿಗೆ ಹಾಗೇ ಹೇಳಿ ಆನ್ ಮಾಡಿದೆ. ಜನವರಿಗೆ ಮಾದರಿ 11.4 ಹೇಳಿತ್ತು, ಡೈರಿಯಲ್ಲಿ 11.1 ಬಂತು. ಐದು ಪೈಸೆ ಖರ್ಚಿಲ್ಲ.

ಟ್ಯಾಂಕನ್ನು ಉತ್ತರಕ್ಕೆ ಇಳಿಸಿದರೆ ಇನ್ನೂ ಒಂದು ಯೂನಿಟ್ ಮೇಲೆ ಸಿಗುತ್ತೆ ಅಂತ ಮಾದರಿ ತೋರಿಸಿತು. ಬೇಸಿಗೆಯಲ್ಲಿ ಮಧ್ಯಾಹ್ನದ ಸೂರ್ಯ ಇಲ್ಲಿ ಉತ್ತರಕ್ಕೆ ದಾಟುತ್ತಾನೆ, ಆದರೆ ಆಗ ನೆರಳು ಮೊಳಕ್ಕಿಂತ ಉದ್ದ ಬರುವುದಿಲ್ಲ. ಖುಷಿಯಿಂದ ಹೇಳಿದೆ. ಮೇಷ್ಟ್ರ ಮನೆಯವರು ಒಂದೇ ಮಾತಲ್ಲಿ ಮುಗಿಸಿದರು. "ಟ್ಯಾಂಕ್ ಇಳಿಸಿದ್ರೆ ಹೀಟರ್‌ಗೆ ನೀರು ಹತ್ತೋದು ಹೇಗಪ್ಪಾ?" ಹೌದಲ್ಲ, ಹೀಟರ್‌ಗಿಂತ ತಣ್ಣೀರಿನ ಟ್ಯಾಂಕ್ ಮೇಲಿರಬೇಕು. ಸಾಫ್ಟ್‌ವೇರ್‌ಗೆ ಸ್ನಾನ ಗೊತ್ತಿಲ್ಲ. ಟ್ಯಾಂಕ್ ಅಲ್ಲೇ ಇದೆ.

ಮೂರು ಮೂರು ಪ್ಯಾನೆಲ್ ಬೇರೆ ಮಾಡಿ, ಎರಡು ಎಂಪಿಪಿಟಿ, ಅಂದರೆ ಆ ಗುಡ್ಡದ ತುದಿ ಹುಡುಕುವ ಭಾಗ ಎರಡು ಇರುವ ಇನ್ವರ್ಟರ್ ಹಾಕುವುದನ್ನೂ ಓಡಿಸಿ ನೋಡಿದೆ. ಬೆಳಗಿನ ನೆರಳು ಪೂರ್ವದ ಮೂರಕ್ಕೆ, ಸಂಜೆಯದು ಪಶ್ಚಿಮದ ಮೂರಕ್ಕೆ, ಒಂದರ ಕಷ್ಟ ಇನ್ನೊಂದಕ್ಕೆ ತಟ್ಟೋದಿಲ್ಲ. ಆದರೆ ಬೇಸಿಗೆ ಬಿಸಿಗೆ ಮೂರು ಪ್ಯಾನೆಲ್‌ನ ವೋಲ್ಟೇಜ್ 107ರ ಹತ್ತಿರ ಇಳಿಯುತ್ತೆ, ಎಲ್ಲ ಇನ್ವರ್ಟರ್‌ಗೂ ಅಷ್ಟು ಸಾಲುವುದಿಲ್ಲ. ಸಿಗುವ ಲಾಭಕ್ಕೆ ಆ ಖರ್ಚು ಬೇಡ ಅಂತ ಇಬ್ಬರೂ ಕೈಬಿಟ್ಟೆವು.

ಹೋದ ತಿಂಗಳು ಮತ್ತೆ ಫೋನ್. ದಕ್ಷಿಣದ ಖಾಲಿ ಸೈಟಿನಲ್ಲಿ ಪಾಯ ತೆಗೆದಿದ್ದಾರಂತೆ. ಪ್ಯಾನೆಲ್‌ಗೂ ಆ ಗೋಡೆಗೂ ಐದು ಮೀಟರ್ ಅಂತರ. ಕಟ್ಟಡ ಏಳುವ ಮೊದಲೇ ಮಾದರಿಯಲ್ಲಿ ಎಬ್ಬಿಸಿದೆ. ಪ್ಯಾನೆಲ್‌ಗಿಂತ ಒಂದು ಮಹಡಿ ಮೇಲೆ ಹೋದರೆ ಡಿಸೆಂಬರ್‌ನ ಬೆಳಗ್ಗೆ ಒಂಬತ್ತಕ್ಕೂ ನೆರಳು ನಾಲ್ಕು ಮೀಟರ್ ಒಳಗೇ ನಿಲ್ಲುತ್ತೆ. ಎರಡು ಮಹಡಿ ಹೋದರೆ ಆ ಹೊತ್ತಿಗೆ ಪ್ಯಾನೆಲ್‌ಗೆ ತಾಗುತ್ತೆ.

"ಎಷ್ಟು ಮಹಡಿ ಕಟ್ತಾರಂತೆ ಮೇಷ್ಟ್ರೇ?"

"ಒಂದು ಅಂತಾರೆ. ಲೋನ್ ಜಾಸ್ತಿ ಸಿಕ್ಕಿದ್ರೆ ಎರಡು."

ಎರಡಕ್ಕೂ ತಿಂಗಳುವಾರು ಲೆಕ್ಕ ಹೇಳಿದೆ. ಆ ಕಡೆ ಪೆನ್ನಿನ ಸದ್ದು ಕೇಳಿಸಿತು. ಮುಂದಿನ ಡಿಸೆಂಬರಿನ ಪುಟದಲ್ಲಿ ಎರಡನ್ನೂ ಈಗಲೇ ಬರೆದಿಟ್ಟುಕೊಂಡರು.